ಸತ್ತ ಮೇಲೂ ಮುಗಿಯದ ಡ್ಯೂಟಿ

ಕಳೆದ ದಸರಾ ರಜೆಗೆ ತಮ್ಮ ಹಾವೇರಿಯಿಂದ ಬ್ಯಾಡಗಿಗೆ ಬಂದಾಗ ಬ್ಯಾಗಿನ ತುಂಬ ಒಗೆಯುವ ಬಟ್ಟೆ ತಂದಿದ್ದ, ಫೋನಿನಲ್ಲಿ ಎಂಟು ಕಂತಿನ ಒಂದು ಕಾರ್ಟೂನ್ ಸರಣಿ ತಂದಿದ್ದ. ಅವನು ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಾನೆ. ನಾನು ಬಿ.ಕಾಂ ಮುಗಿಸಿ ಮೂರನೇ ವರ್ಷ. ಎಫ್‌ಡಿಎ, ಎಸ್‌ಡಿಎ, ಪಿಡಿಒ ಎಂದು ಕಂಡ ಕಂಡ ಅರ್ಜಿ ತುಂಬುತ್ತ, ದಿನಾ ಮೋಟೆಬೆನ್ನೂರು ಕ್ರಾಸ್ ದಾಟಿ ರಾಣೆಬೆನ್ನೂರಿನ ಕೋಚಿಂಗ್ ಕ್ಲಾಸಿಗೆ ಬಸ್ಸಿನಲ್ಲಿ ಓಡಾಡುವವಳು.

'ಅಕ್ಕಾ, ಕಾರ್ಟೂನ್ ಅಂತ ಮೂಗು ಮುರೀಬ್ಯಾಡ. ಒಂದ ಕಂತು ನೋಡು, ಆಮ್ಯಾಲೆ ಬೈ' ಎಂದ. ರೂಮಿನವರೆಲ್ಲ ದುಡ್ಡು ಸೇರಿಸಿ ತೆಗೆದುಕೊಂಡಿದ್ದ ಖಾತೆಯನ್ನು ನನ್ನ ಫೋನಿನಲ್ಲೂ ತೆರೆದುಕೊಟ್ಟ. ಕ್ಲಾಸಿಗೆ ಹೋಗುವಾಗ ಒಂದು ಕಂತು, ಬರುವಾಗ ಒಂದು ಕಂತು. ನಾಲ್ಕು ದಿನಕ್ಕೆ ಮುಗಿಯಿತು. ಮೂರನೇ ದಿನ ಕಂಡಕ್ಟರ್ 'ಏನವಾ, ಹುಷಾರಿಲ್ಲೇನು?' ಎಂದು ಕೇಳಿದ್ದರು. ಕಣ್ಣು ಒರೆಸಿಕೊಂಡು ಪಾಸು ತೋರಿಸಿದೆ.

ಸರಣಿಯ ಹೆಸರು 'ಪ್ಯಾಂಥಿಯನ್'. ದೇವಾನುದೇವತೆಗಳ ಸಮೂಹ ಎಂದು ಅದರ ಅರ್ಥ. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಎಂಸಿ ಪ್ಲಸ್‌ನಲ್ಲಿ ಇದರ ಮೊದಲ ಸೀಸನ್ ಬಂತು. ಕೆನ್ ಲಿಯು ಎಂಬ ಚೀನಾ ಮೂಲದ ಅಮೆರಿಕನ್ ಲೇಖಕರ ಕಥೆಗಳನ್ನು ಹೆಣೆದು ಕ್ರೇಗ್ ಸಿಲ್ವರ್‌ಸ್ಟೀನ್ ರೂಪಿಸಿದ್ದು. ಈ ಕೆನ್ ಲಿಯು ಪ್ರೋಗ್ರಾಮರ್ ಆಗಿದ್ದವರು, ವಕೀಲಿಯನ್ನೂ ಮಾಡಿದವರು. 'ತ್ರೀ ಬಾಡಿ ಪ್ರಾಬ್ಲಂ' ಎಂಬ ಚೀನೀ ಕಾದಂಬರಿಯನ್ನು ಇಂಗ್ಲಿಷಿಗೆ ತಂದವರೂ ಅವರೇ.

ಕಥೆ ಹೀಗೆ ಶುರುವಾಗುತ್ತದೆ. ಮ್ಯಾಡಿ ಕಿಮ್ ಎಂಬ ಹೈಸ್ಕೂಲು ಹುಡುಗಿ. ಅಪ್ಪ ಡೇವಿಡ್ ಕಾಯಿಲೆಯಿಂದ ತೀರಿಕೊಂಡಿದ್ದಾನೆ. ಶಾಲೆಯಲ್ಲಿ ಹುಡುಗಿಯರು ಅವಳನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಒಂದು ದಿನ ಅವಳ ಲ್ಯಾಪ್‌ಟಾಪಿಗೆ ಯಾರಿಂದಲೋ ಮೆಸೇಜು ಬರತೊಡಗುತ್ತದೆ. ಅದರಲ್ಲಿ ಅಕ್ಷರವಿಲ್ಲ, ಬರೀ ಇಮೋಜಿ. ಆ ಅಪರಿಚಿತ ಅವಳ ಪರವಾಗಿ ನಿಲ್ಲುತ್ತಾನೆ. ಅವನು ಬೇರೆ ಯಾರೂ ಅಲ್ಲ, ಅಪ್ಪನೇ. ಸಾಯುವ ಮುಂಚೆ ಅವನು ಕೆಲಸ ಮಾಡುತ್ತಿದ್ದ ಲೋಗೋರಿದಮ್ಸ್ ಎಂಬ ಕಂಪನಿ ಅವನ ಮಿದುಳನ್ನು ಸ್ಕ್ಯಾನ್ ಮಾಡಿತ್ತು. ಅದು ಫಲಿಸಲಿಲ್ಲ ಎಂದು ಮನೆಯವರಿಗೆ ಹೇಳಿತ್ತು. ನಿಜವಾಗಿ ಫಲಿಸಿತ್ತು. ಅವನ ಮನಸ್ಸು ಕಂಪನಿಯ ಸರ್ವರಿನಲ್ಲಿ ಉಳಿದುಕೊಂಡು ಕೆಲಸ ಮಾಡುತ್ತಿತ್ತು.

ನಮ್ಮ ಅಪ್ಪ ತೀರಿಕೊಂಡು ಆಗ ಹನ್ನೊಂದು ತಿಂಗಳಾಗಿತ್ತು. ತಮ್ಮ ಇದನ್ನು ನನಗೆ ಯಾಕೆ ತೋರಿಸಿದ ಎಂಬುದು ಮೊದಲ ಕಂತು ಮುಗಿಯುವ ಹೊತ್ತಿಗೇ ಗೊತ್ತಾಯಿತು.

ಮೊದಲ ಕಂತು ಅಷ್ಟೇನೂ ಹೊಸದಲ್ಲ, ನಿಜ ಹೇಳಬೇಕೆಂದರೆ. ಅಮೆರಿಕದ ಶಾಲೆ, ಲಾಕರು, ಕ್ಯಾಂಟೀನಿನಲ್ಲಿ ಕಾಡಿಸುವ ಹುಡುಗಿಯರು ಎಲ್ಲ ನೋಡಿ ನೋಡಿ ಸಾಕಾಗಿದೆ. ಚಿತ್ರಗಳೂ ಕಣ್ಣು ಕುಕ್ಕುವಂತಿಲ್ಲ. ಸಾದಾ ಗೆರೆ, ಸಪ್ಪೆ ಬಣ್ಣ. ಎರಡನೇ ಕಂತಿನ ನಂತರ ಆ ಸಪ್ಪೆತನವೇ ಬೇಕಿತ್ತು ಅನಿಸುತ್ತದೆ. ಮನುಷ್ಯರ ಮುಖ ಮನುಷ್ಯರ ಮುಖದಂತೆಯೇ ಇದ್ದರೆ ಮಾತ್ರ ಹೊಟ್ಟೆಯಲ್ಲಿ ಸಂಕಟವಾಗುವ ಕಥೆ ಇದು.

ಇನ್ನೊಂದು ಎಳೆ ಕ್ಯಾಸ್ಪಿಯನ್ ಎಂಬ ಹುಡುಗನದು. ಬುದ್ಧಿವಂತ, ಒಂಟಿ, ಮನೆಯಲ್ಲಿ ಸದಾ ಜಗಳ. ಆಮೇಲೆ ತಿಳಿಯುತ್ತದೆ, ಅವನ ಅಪ್ಪ ಅಮ್ಮ ಅಪ್ಪ ಅಮ್ಮನೇ ಅಲ್ಲ. ಅವನು ಲೋಗೋರಿದಮ್ಸ್ ಸ್ಥಾಪಿಸಿದ ಸ್ಟೀಫನ್ ಹಾಲ್‌ಸ್ಟ್ರೋಮನ ಪಡಿಯಚ್ಚು. ಹಾಲ್‌ಸ್ಟ್ರೋಮ್ ಬಾಲ್ಯದಲ್ಲಿ ಉಂಡ ಕಷ್ಟವನ್ನೆಲ್ಲ ಇವನಿಗೂ ಉಣಿಸಿದರೆ ಅದೇ ಮೇಧಾವಿ ಮತ್ತೆ ತಯಾರಾಗುತ್ತಾನೆ ಎಂಬ ಲೆಕ್ಕಾಚಾರದಲ್ಲಿ ಇಡೀ ಮನೆಯನ್ನೇ ನಾಟಕದಂತೆ ಕಟ್ಟಿರುತ್ತಾರೆ. ರಾಣೆಬೆನ್ನೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀಡ್ಸ್ ಹೊಲ ನೋಡಿದವರಿಗೆ ಗೊತ್ತು. ಯಾವ ಗಂಡು, ಯಾವ ಹೆಣ್ಣು ಎಂದು ಆರಿಸಿ, ಬೇರೆ ಹೊಲದ ಪರಾಗ ಸುಳಿಯದಂತೆ ದೂರ ಕಾದು, ಒಂದೊಂದು ಹೂವನ್ನೂ ಕೈಯಿಂದ ಕ್ರಾಸಿಂಗ್ ಮಾಡಿ ಬೇಕಾದ ಬೀಜ ತೆಗೆಯುತ್ತಾರೆ. ನನ್ನ ಸೋದರತ್ತೆ ಆ ಕೂಲಿಗೆ ಹೋಗುತ್ತಾರೆ. ಅವರಿಗೆ ಕ್ಯಾಸ್ಪಿಯನ್ ಕಥೆ ಹೇಳಿದಾಗ 'ಪಾಪ ಆ ಕೂಸು, ಬೀಜದ ಕಾಯಿ ಆತು ಬಿಡು' ಎಂದರು. ಇಷ್ಟು ಚಿಕ್ಕ ವಿಮರ್ಶೆಯನ್ನು ನಾನು ಬರೆಯಲಾರೆ.

ಆದರೆ ಈ ಸೀಸನ್ ನೋಡಬೇಕಾದ್ದು ಮ್ಯಾಡಿಗಾಗಿಯೂ ಅಲ್ಲ, ಕ್ಯಾಸ್ಪಿಯನ್‌ಗಾಗಿಯೂ ಅಲ್ಲ, ಚಂದಾಗಾಗಿ. ಮುಂಬೈನ ಟೆಲಿಕಾಂ ಕಂಪನಿಯೊಂದರ ಎಂಜಿನಿಯರ್ ಅವನು. (ನಮ್ಮಲ್ಲಿ ಚಂದಾ ಅಂದರೆ ಪತ್ರಿಕೆಗೆ ವರ್ಷಕ್ಕೊಮ್ಮೆ ಕಟ್ಟುವ ದುಡ್ಡು. ಕಥೆ ಮುಂದುವರಿದಂತೆ ಆ ಅರ್ಥವೂ ಒಗ್ಗುತ್ತದೆ.) ಕೆಲಸದಲ್ಲಿ ನಿಸ್ಸೀಮ. ಅದೇ ಅವನಿಗೆ ಮುಳುವಾಗುತ್ತದೆ. ಡೇವಿಡ್ ಸಾಯುವ ಮುಂಚೆ ಒಪ್ಪಿ ಮಲಗಿದವನು. ಚಂದಾನನ್ನು ಮೋಸದಿಂದ ಹಿಡಿದು ಕುರ್ಚಿಗೆ ಕಟ್ಟಿಹಾಕುತ್ತಾರೆ. ಲೇಸರ್ ಅವನ ಮಿದುಳನ್ನು ಪದರ ಪದರವಾಗಿ ಓದುತ್ತದೆ. ಓದಿದ ಪದರವನ್ನು ಸುಡುತ್ತದೆ. ನಕಲು ತಯಾರಾಗುವಷ್ಟರಲ್ಲಿ ಅಸಲು ಇರುವುದಿಲ್ಲ. ಈ ದೃಶ್ಯವನ್ನು ಮನೆಯಲ್ಲಿ ಚಿಕ್ಕಮಕ್ಕಳಿದ್ದರೆ ಹಾಕಬೇಡಿ. ಕಾರ್ಟೂನ್ ಎಂದು ನಂಬಿ ಕೂರಿಸಿದರೆ ರಾತ್ರಿ ನಿದ್ದೆಗೆಡುವವರು ನೀವೇ.

ಬ್ಯಾಡಗಿಯಲ್ಲಿ ಹುಟ್ಟಿದವಳಿಗೆ ಆ ಲೇಸರ್ ನೋಡಿ ನೆನಪಾದದ್ದು ಊರ ಸುತ್ತಲಿನ ಎಣ್ಣೆ ಫ್ಯಾಕ್ಟರಿ. ನಮ್ಮ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಅದು ಎಲ್ಲರಿಗೂ ಗೊತ್ತು. ಖಾರ ಕಡಿಮೆ, ಬಣ್ಣ ಜಾಸ್ತಿ, ಅದೂ ಗೊತ್ತು. ಆದರೆ ಹೊರಗಿನವರು ಎಲ್ಲ ಕಾಯಿಯೂ ಸಾರಿಗೆ ಹೋಗುತ್ತದೆ ಅಂದುಕೊಂಡಿರುತ್ತಾರೆ. ಸಾಕಷ್ಟು ಕಾಯಿ ಹೋಗುವುದು ಓಲಿಯೊರೆಸಿನ್ ತೆಗೆಯಲು. ಕಾಯಿಯನ್ನು ಪುಡಿ ಮಾಡಿ, ದ್ರಾವಕ ಹಾಕಿ, ಅದರ ಕೆಂಪನ್ನಷ್ಟೇ ಹೀರಿ ತೆಗೆಯುತ್ತಾರೆ. ಆ ಕೆಂಪು ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ, ತಿಂಡಿ ತಿನಿಸಿಗೂ ಹೋಗುತ್ತದೆ. ಉಳಿದದ್ದು ಬಣ್ಣಗೆಟ್ಟ ಹಿಂಡಿ. ಡಬ್ಬಿಯೋ ಕಡ್ಡಿಯೋ, ಯಾವ ಹೊಲದ್ದು, ಯಾರು ನೀರು ಹಾಯಿಸಿದರು ಎಂಬುದೆಲ್ಲ ಅಲ್ಲಿಗೆ ಮುಗಿಯಿತು. ಕಂಪನಿಗೆ ಚಂದಾನಿಂದ ಬೇಕಾಗಿದ್ದೂ ಅಷ್ಟೇ. ಅವನ ಬಣ್ಣ.

ಮುಂದಿನ ಭಾಗ ಇನ್ನೂ ಭಯಂಕರ. ಚಂದಾ ಎಚ್ಚರಾದಾಗ ಆಫೀಸಿನಲ್ಲೇ ಇರುತ್ತಾನೆ. ಮೇಜು, ಕಂಪ್ಯೂಟರು, ಮುಗಿಸಲೇಬೇಕಾದ ಕೆಲಸ. ತಾನು ಸತ್ತಿದ್ದೇನೆ ಎಂಬುದು ಅವನಿಗೇ ಗೊತ್ತಿಲ್ಲ. ಹಸಿವಿಲ್ಲ, ಸುಸ್ತಿಲ್ಲ, ಸಂಬಳವಿಲ್ಲ. ಅನುಮಾನ ಬಂದರೆ ನೆನಪು ಅಳಿಸಿ ಮತ್ತೆ ಮೊದಲಿನಿಂದ ಕೂರಿಸುತ್ತಾರೆ. ಇನ್ನೊಂದು ಮಾತೂ ಇದೆ. ಹೀಗೆ ಯಂತ್ರಕ್ಕೆ ಏರಿಸಿದ ಮನಸ್ಸುಗಳಲ್ಲಿ ಒಂದು ದೋಷವಿರುತ್ತದೆ: ಹೆಚ್ಚು ದುಡಿದಷ್ಟೂ ಬೇಗ ಸವೆಯುತ್ತವೆ. ದೇಹವಿಲ್ಲದಿದ್ದರೂ ದುಡಿಮೆ ಮನುಷ್ಯನನ್ನು ತಿನ್ನುತ್ತದೆ ಎಂದು ಒಂದು ಕಾರ್ಟೂನು ಹೇಳುತ್ತಿದೆ!

2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದದ್ದು, ಮರುವರ್ಷ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಐಟಿ ನೌಕರರಿಗೆ ದಿನಕ್ಕೆ 14 ಗಂಟೆಯವರೆಗೆ ಕೆಲಸ ಎಂಬ ಪ್ರಸ್ತಾಪ ಬಂದು ನೌಕರರ ಸಂಘ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಕೋಚಿಂಗ್ ಕ್ಲಾಸಿನಲ್ಲಿ ನಾವು ಆಗ ನಕ್ಕಿದ್ದೆವು. '14 ತಾಸು ಮಾಡ್ತೀವಿ, ಮೊದಲ ಕೆಲಸ ಕೊಡ್ರಿ' ಎಂದು. ಚಂದಾನನ್ನು ನೋಡಿದ ಮೇಲೆ ಆ ನಗು ನನಗೆ ಬರುತ್ತಿಲ್ಲ.

ನಮ್ಮ ಅಪ್ಪ ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸೋಮವಾರ, ಗುರುವಾರ ಮಾರ್ಕೆಟ್ ದಿನ ಅವರ ಮುಖ ನಮಗೆ ಕಾಣುತ್ತಿರಲಿಲ್ಲ. ಕಾಯಿ ಮುರಿದು, ಹೆಬ್ಬೆರಳಿನಲ್ಲಿ ತಿಕ್ಕಿ, ಬೆಳಕಿಗೆ ಹಿಡಿದರೆ ಬಣ್ಣ ಎಷ್ಟು ನಿಲ್ಲುತ್ತದೆ ಎಂದು ಹೇಳುತ್ತಿದ್ದರು. ಅಂಗಡಿಯ ಅರ್ಧ ವ್ಯವಹಾರ ಖಾತೆಯಲ್ಲಿತ್ತು, ಉಳಿದರ್ಧ ಅಪ್ಪನ ತಲೆಯಲ್ಲಿ. ಯಾವ ರೈತನ ಚೀಲ ಯಾವ ಕೋಲ್ಡ್ ಸ್ಟೋರೇಜಿನಲ್ಲಿದೆ, ಯಾರಿಗೆ ಎಷ್ಟು ಮುಂಗಡ ಹೋಗಿದೆ ಎಲ್ಲ ಬಾಯಲ್ಲೇ.

ಅವರು ತೀರಿಕೊಂಡ ಮೂರನೇ ದಿನ ಅವರ ಫೋನು ಬಾರಿಸಿತು. ತಮ್ಮ ಎತ್ತಿದ. ಅಂಗಡಿಯಿಂದ. 'ಹೋದ ವರ್ಷದ ಸ್ಟೋರೇಜ್ ಲಾಟಿನ ಪಟ್ಟಿ ಎಲ್ಲಿ ಇಟ್ಟಾರ ಕೇಳ್ರಿ' ಎಂದರಂತೆ. ಯಾರನ್ನು ಕೇಳಬೇಕಿತ್ತೋ. ತಮ್ಮ ಏನೂ ಅನ್ನಲಿಲ್ಲ, ಗೂಡಿನಲ್ಲಿದ್ದ ಅಪ್ಪನ ಡೈರಿ ತೆಗೆದು ಪುಟ ತಿರುವಿ ಪಟ್ಟಿ ಓದಿ ಹೇಳಿದ. ಅವರೇನು ಕೆಟ್ಟವರಲ್ಲ. ಮಣ್ಣಿಗೆ ಬಂದಿದ್ದರು, ಖರ್ಚಿಗೂ ಕೊಟ್ಟಿದ್ದರು. ಆದರೆ ಚಂದಾ ಸತ್ತೂ ಮೇಜಿನ ಮುಂದೆ ಕೂತಾಗ ನನಗೆ ಆ ಫೋನು ಕೇಳಿಸಿತು.

ಹಾಗಾದರೆ ಇದು ಆಗುವ ಮಾತೇ? ನಾನು ಕಾಮರ್ಸಿನವಳು, ತಮ್ಮನನ್ನು ಕೇಳಿದೆ. ಅವನು ತೋರಿಸಿದ ಲೇಖನ ಓದಿದೆ. 2024ರ ಅಕ್ಟೋಬರ್‌ನಲ್ಲಿ ವಿಜ್ಞಾನಿಗಳು ಹಣ್ಣಿನ ನೊಣದ ಇಡೀ ಮಿದುಳಿನ ನಕ್ಷೆಯನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬಾಳೆಹಣ್ಣಿನ ಮೇಲೆ ಕೂರುವ ಆ ಚಿಕ್ಕ ನೊಣವೇ. ಸಾಸಿವೆ ಕಾಳಿಗಿಂತ ಚಿಕ್ಕ ಆ ಮಿದುಳನ್ನು ಏಳು ಸಾವಿರದಷ್ಟು ಪದರವಾಗಿ ಸೀಳಿ, ಚಿತ್ರ ತೆಗೆದು ಜೋಡಿಸಿದಾಗ ಸಿಕ್ಕಿದ್ದು ಸುಮಾರು 1.4 ಲಕ್ಷ ನರಕೋಶ, ಅವುಗಳ ನಡುವೆ 5 ಕೋಟಿ ಸಂಪರ್ಕ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ. ಅದೂ ಸಿಕ್ಕಿದ್ದು ನಕ್ಷೆ ಮಾತ್ರ. ರಾಣೆಬೆನ್ನೂರಿನ ನಕ್ಷೆ ಕೈಯಲ್ಲಿ ಇದ್ದ ಮಾತ್ರಕ್ಕೆ ಸಂತೆ ನಡೆದಂತಾಗುವುದಿಲ್ಲವಲ್ಲ. ಹಾಗಾಗಿ ಚಂದಾನ ಕುರ್ಚಿ ನಾಳೆಯೇ ಬರುವುದಿಲ್ಲ, ಗಾಬರಿ ಬೇಡ.

ಇಡೀ ಮನುಷ್ಯ ಬೇಡ, ಅವನ ಒಂದು ತುಂಡು ಸಾಕು ಅನ್ನುವುದಾದರೆ ಮಾತು ಬೇರೆ. ಅದಕ್ಕೆ ನಾನೇ ಸಾಕ್ಷಿ.

ಹಿಂದಿನ ಬೇಸಿಗೆಯಲ್ಲಿ ಪರಿಚಯದವರೊಬ್ಬರ ಮೂಲಕ ನನಗೊಂದು ಕೆಲಸ ಸಿಕ್ಕಿತ್ತು. ಮೊಬೈಲಿನಲ್ಲಿ ಬರುವ ಕನ್ನಡ ವಾಕ್ಯವನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಬೇಕು. ವಾಕ್ಯಕ್ಕೆ ಇಷ್ಟು ಎಂದು ದುಡ್ಡು. 'ನನ್ನ ಖಾತೆಯಲ್ಲಿ ಎಷ್ಟು ಹಣ ಉಳಿದಿದೆ?', 'ಹತ್ತಿರದ ಆಸ್ಪತ್ರೆ ಎಲ್ಲಿದೆ?', 'ನಾಳೆ ಮಳೆ ಬರುತ್ತದೆಯೇ?' ಇಂಥವು. ಫ್ಯಾನ್ ಬಂದ್ ಮಾಡಿ, ಕಿಟಕಿ ಹಾಕಿ, ಬೆವರುತ್ತ ಓದುತ್ತಿದ್ದೆ. ಅವ್ವನ ಕೆಮ್ಮು ಸೇರಿಕೊಂಡರೆ ಆ ವಾಕ್ಯ ರಿಜೆಕ್ಟ್. ಮೊದಲ ವಾರ ನಾನು ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಓದಿದ್ದೆ. 'ಹೀಗೆ ಬೇಡ, ನಿಮ್ಮ ಮನೆಯಲ್ಲಿ ಮಾತಾಡುವ ಹಾಗೆ ಹೇಳಿ' ಎಂದು ಸೂಚನೆ ಬಂತು. ಶಾಲೆಯಲ್ಲಿ, ಇಂಟರ್‌ವ್ಯೂನಲ್ಲಿ ಎಲ್ಲ ಕಡೆ ನಮ್ಮ ಮಾತನ್ನು ತಿದ್ದುವವರೇ. ಮೊದಲ ಸಲ ಯಾರೋ 'ಐತಿ', 'ಹೋಗಾಕತ್ತೇನಿ' ಅನ್ನಲು ದುಡ್ಡು ಕೊಟ್ಟರು. ಖುಷಿಯಾಗಿ ಹೇಳಿದೆ. ಹತ್ತು ವಾರ. ಒಂದು ಬೆಳಿಗ್ಗೆ 'ಈ ಯೋಜನೆ ಪೂರ್ಣಗೊಂಡಿದೆ, ಧನ್ಯವಾದಗಳು' ಎಂಬ ಸಂದೇಶ.

ಬಂದ ದುಡ್ಡಿನಲ್ಲಿ ಕೋಚಿಂಗ್ ಫೀ ಕಟ್ಟಿದೆ, ತಕರಾರಿಲ್ಲ. ಯಂತ್ರಕ್ಕೆ ಕನ್ನಡ ಬರಬೇಕು, ಅದೂ ನಮ್ಮ ಕನ್ನಡ ಬರಬೇಕು ಎಂಬುದರಲ್ಲೂ ಎರಡು ಮಾತಿಲ್ಲ. ಓದಲು ಬಾರದ ನಮ್ಮ ಸೋದರತ್ತೆ ಫೋನಿಗೆ ಬಾಯಲ್ಲಿ ಹೇಳಿ ಕೆಲಸ ಮಾಡಿಸಿಕೊಂಡರೆ ನನಗೆ ಹೆಮ್ಮೆಯೇ. ಆದರೂ ಈಗ ಯಾವುದಾದರೂ ಕಂಪನಿಯ ನಂಬರಿಗೆ ಫೋನ್ ಮಾಡಿ, ಆ ಕಡೆ ಹೆಣ್ಣುದನಿ ಕನ್ನಡದಲ್ಲಿ 'ಒಂದನ್ನು ಒತ್ತಿ' ಎಂದರೆ ಒಂದು ಕ್ಷಣ ಕಿವಿಗೊಡುತ್ತೇನೆ. ಅದರಲ್ಲಿ ನಾನೆಷ್ಟಿದ್ದೇನೆ? ನನಗೆ ಕೆಲಸವಿಲ್ಲ, ನನ್ನ ದನಿ ಎಲ್ಲೋ ಕೆಲಸದಲ್ಲಿರಬಹುದು. ಚಂದಾ ಪೂರ್ತಿ ಹೋದ, ನಾನು ಹತ್ತು ವಾರದಷ್ಟು ಹೋಗಿದ್ದೇನೆ.

ಈಗ ಸರಣಿಯ ಅಮ್ಮನ ಬಗ್ಗೆ ಹೇಳಬೇಕು. ಮ್ಯಾಡಿಯ ಅಮ್ಮ ಎಲೆನ್. ಮಗಳು, ಅಪ್ಪ ಕಂಪ್ಯೂಟರಿನೊಳಗೆ ಇದ್ದಾನೆ ಎಂದಾಗ ಅವಳು ಕುಣಿದಾಡುವುದಿಲ್ಲ. ನಂಬುವುದಿಲ್ಲ. ನಂಬಿದ ಮೇಲೂ ಅದು ಡೇವಿಡ್ ಎಂದು ಒಪ್ಪುವುದಿಲ್ಲ. ಮ್ಯಾಡಿ ಮಾತ್ರ ಮೊದಲು ಅಪ್ಪನೊಂದಿಗೆ ಆಡುತ್ತಿದ್ದ ಕಂಪ್ಯೂಟರ್ ಗೇಮಿನೊಳಗೇ ಹೋಗಿ ಅವನನ್ನು ಭೇಟಿಯಾಗುತ್ತಾಳೆ. ಮಗಳಿಗೆ ಅಪ್ಪ ವಾಪಸು ಬಂದಿದ್ದಾನೆ, ಹೆಂಡತಿಗೆ ಗಂಡ ಬಂದಿಲ್ಲ. ಈ ಜಗಳವನ್ನು ಸರಣಿ ಯಾರ ಕಡೆಗೂ ವಾಲದೆ ತೋರಿಸಿದೆ. ವಯಸ್ಸಾದವರು ಹಳೇ ಕಾಲದವರು, ಅವರಿಗೆ ತಂತ್ರಜ್ಞಾನ ಅರ್ಥವಾಗುವುದಿಲ್ಲ ಎಂಬ ಸುಲಭದ ದಾರಿ ಹಿಡಿದಿಲ್ಲ. ಎಲೆನ್‌ಗೆ ದನಿ ಕೊಟ್ಟ ರೋಸ್‌ಮರಿ ಡಿವಿಟ್, ಡೇವಿಡ್‌ಗೆ ದನಿ ಕೊಟ್ಟ ಡೇನಿಯಲ್ ಡೇ ಕಿಮ್ ಇಬ್ಬರನ್ನೂ ಕಣ್ಣುಮುಚ್ಚಿ ಕೇಳಬೇಕು. ಹಾಲ್‌ಸ್ಟ್ರೋಮ್‌ಗೆ ದನಿಯಾದ ವಿಲಿಯಂ ಹರ್ಟ್ ಸರಣಿ ಬಿಡುಗಡೆಯಾಗುವ ಆರು ತಿಂಗಳ ಮುಂಚೆಯೇ, 2022ರ ಮಾರ್ಚ್‌ನಲ್ಲಿ ತೀರಿಕೊಂಡಿದ್ದರು. ಸತ್ತವರ ದನಿ ಮಾತಾಡುವ ಕಥೆಯಲ್ಲಿ ಸತ್ತವರದೇ ದನಿ.

ನಮಗೆ ಇದು ಹೊಸದೇನಲ್ಲ. 'ಜೇಮ್ಸ್' ನೆನಪಿದೆಯಲ್ಲ? ಅಪ್ಪು ಡಬ್ಬಿಂಗ್ ಮುಗಿಸುವ ಮುಂಚೆಯೇ ಹೋಗಿಬಿಟ್ಟರು. 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ, ಚಿತ್ರ ಬಂದಾಗ ಅವರ ಪಾತ್ರಕ್ಕೆ ಶಿವಣ್ಣ ದನಿ ಕೊಟ್ಟಿದ್ದರು. ಮುಂದಿನ ತಿಂಗಳು ತಂತ್ರಜ್ಞಾನದ ನೆರವಿನಿಂದ ಅಪ್ಪು ಅವರದೇ ದನಿ ಜೋಡಿಸಿದ ಪ್ರತಿ ತೆರೆಗೆ ಬಂತು. ಅಪ್ಪ ನಮ್ಮನ್ನು ಎರಡಕ್ಕೂ ಕರೆದುಕೊಂಡು ಹೋಗಿದ್ದರು. ಎರಡನೇ ಸಲ ಟಾಕೀಸಿನಲ್ಲಿ ಜನ ಎದ್ದು ನಿಂತು ಅತ್ತರು, ನಾನೂ ಅತ್ತೆ. ಹೊರಗೆ ಬಂದು ಗಿರ್ಮಿಟ್ ತಿನ್ನುವಾಗ ಅಪ್ಪ ಹೇಳಿದ್ದು: 'ನನಗ ಮೊದಲಿಂದ ಚೊಲೋ ಅನಿಸ್ತು. ತಮ್ಮನ ಸಲುವಾಗಿ ಅಣ್ಣ ಮಾತಾಡಿದ್ದ.' ನಾನು, ತಮ್ಮ ಇಬ್ಬರೂ ಅಪ್ಪನಿಗೆ ಏನೂ ಗೊತ್ತಾಗುವುದಿಲ್ಲ ಎಂದು ನಕ್ಕಿದ್ದೆವು.

2024ರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಎಐನಿಂದ ಮರುಸೃಷ್ಟಿಸಿ ತೆಲುಗು ಚಿತ್ರವೊಂದರಲ್ಲಿ ಬಳಸಿದರೆಂದು ಅವರ ಮಗ ಚರಣ್ ನೋಟಿಸ್ ಕೊಟ್ಟ ಸುದ್ದಿ ಬಂತು. ಅದೇ ವರ್ಷ ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಕುಟುಂಬದವರ ಒಪ್ಪಿಗೆ ಪಡೆದು, ಹಣ ಕೊಟ್ಟು, 'ಲಾಲ್ ಸಲಾಂ' ಚಿತ್ರಕ್ಕೆ ಬಳಸಿದರು. ಕೇಳಿ ಬಳಸಿದ್ದಕ್ಕೂ ಕೇಳದೆ ಬಳಸಿದ್ದಕ್ಕೂ ವ್ಯತ್ಯಾಸವಿದೆ, ಸರಿ. ಆದರೆ ಕೇಳಬೇಕಾದವರು ಯಾರನ್ನು?

ಈ ಪ್ರಶ್ನೆ ನಮ್ಮ ಮನೆಯೊಳಗೇ ಬಂದದ್ದು ಅಪ್ಪನ ವರ್ಷದ ಪುಣ್ಯಸ್ಮರಣೆಯ ಹಿಂದಿನ ರಾತ್ರಿ.

ಅಪ್ಪ ಮೆಸೇಜ್ ಬರೆದವರೇ ಅಲ್ಲ. ಟೈಪ್ ಮಾಡಲು ಬೆರಳು ಬಗ್ಗುವುದಿಲ್ಲ ಎನ್ನುತ್ತಿದ್ದರು. ಒಂದೋ ಕೈಮುಗಿದ ಇಮೋಜಿ, ಇಲ್ಲವೇ ವಾಯ್ಸ್ ಮೆಸೇಜ್. ನನ್ನ ಫೋನಿನಲ್ಲಿ ಒಂಬತ್ತು, ತಮ್ಮನ ಫೋನಿನಲ್ಲಿ ಹದಿನಾಲ್ಕು ಉಳಿದಿದ್ದವು. ತಮ್ಮ ಎಲ್ಲವನ್ನೂ ಒಟ್ಟುಮಾಡಿ, ದನಿ ನಕಲು ಮಾಡುವ ಯಾವುದೋ ಆ್ಯಪಿಗೆ ಹಾಕಿ, ಎರಡು ವಾಕ್ಯ ಬರೆದು ಅಪ್ಪನಿಂದ ಹೇಳಿಸಿದ್ದ. ಮರುದಿನ ನೆಂಟರೆದುರು ಹಾಕಬೇಕೆಂದು ಅವನ ಆಸೆ. ಮೊದಲು ಅವ್ವನಿಗೆ ಕೇಳಿಸೋಣ ಎಂದು ಕರೆದ.

ಅವ್ವ ತುಂಬು ಬಿಡಿಸುತ್ತ ಕೂತಿದ್ದಳು. ಮೆಣಸಿನಕಾಯಿಯ ತೊಟ್ಟು ತೆಗೆಯುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಕಿಲೋ ಲೆಕ್ಕದ ಕೂಲಿ. ಬ್ಯಾಡಗಿಯ ಎಷ್ಟೋ ಮನೆಯ ಫೀಜು, ಬಸ್ ಪಾಸು, ರೀಚಾರ್ಜು ಈ ತುಂಬಿನಿಂದಲೇ ಬರುವುದು. ಕೈ ಉರಿಯದಂತೆ ಬೆರಳಿಗೆ ಎಣ್ಣೆ ಹಚ್ಚಿಕೊಂಡಿದ್ದಳು. ಕೈ ಒರೆಸಿಕೊಳ್ಳದೆ ತಲೆ ಮಾತ್ರ ಫೋನಿನತ್ತ ಬಾಗಿಸಿದಳು. ತಮ್ಮ ಒತ್ತಿದ. ಅಪ್ಪನ ದನಿ ಅವ್ವನ ಹೆಸರು ಹಿಡಿದು ಕರೆಯಿತು. ಅಳಬೇಡ, ನಾನು ಚೆನ್ನಾಗಿದ್ದೇನೆ, ಮಕ್ಕಳನ್ನು ನೋಡಿಕೋ ಎಂದಿತು.

ದನಿ ಅಪ್ಪನದೇ. ಕೊನೆಯಲ್ಲಿ ಸ್ವಲ್ಪ ಒಡೆಯುವ ಆ ಗೊಗ್ಗರು ಸಹ ಇತ್ತು. ನನ್ನ ಮೈ ಜುಮ್ಮೆಂದಿತು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಯಾರಪ್ಪಾ ಇಂವ?' ಎಂದಳು. ತಮ್ಮ 'ಅಪ್ಪನ ದನಿ ಬೇ' ಎಂದ. 'ದನಿ ಅವರದ ಐತಿ. ಅವರಲ್ಲ. ನಿಮ್ಮಪ್ಪ ಇಪ್ಪತ್ತೇಳು ವರ್ಷದಾಗ ಒಮ್ಮಿನೂ ನನ್ನ ಹೆಸರ ಹಿಡದು ಕರದಿಲ್ಲ. ಏ ಇಕಿನ, ಕೇಳಿಲ್ಲಿ ಅಂತಿದ್ರು. ಚೆನ್ನಾಗಿದ್ದೇನೆ ಅಂತ ಯಾವಾಗ ಅಂದಾರ ಅವರು? ಆರಾಮದೇನಿ ಅಂತಿದ್ರು' ಎಂದು ಮತ್ತೆ ಕಾಯಿಗೆ ಕೈ ಹಾಕಿದಳು.

ತಮ್ಮ ಎದ್ದು ಮಾಳಿಗೆ ಹತ್ತಿ ಹೋದ. ಅವ್ವ ಅವನ ಹಿಂದೆ ನನ್ನನ್ನು ಕಳಿಸಿದಳು. ಅವನು ಅಳುತ್ತಿದ್ದ. 'ನಾ ಅವ್ವಗ ಸಮಾಧಾನ ಆಗ್ಲಿ ಅಂತ ಮಾಡಿದ್ನೆ' ಎಂದ. ನಾನು ಅವನಿಗೆ ಏನು ಹೇಳಲಿ? ಅಪ್ಪು ಅವರ ದನಿ ಕೇಳಿ ಅತ್ತವಳು ನಾನು. ಮರುದಿನ ಅದನ್ನು ಯಾರಿಗೂ ಕೇಳಿಸಲಿಲ್ಲ. ಅವನು ಅಳಿಸಿದನಂತೆ. ನನಗೆ ಕಳಿಸಿದ್ದ ಪ್ರತಿಯನ್ನು ನಾನು ಅಳಿಸಿಲ್ಲ. ಕೇಳಿಯೂ ಇಲ್ಲ.

ಸರಣಿಯ ಕೊರತೆಗಳನ್ನೂ ಹೇಳಿಬಿಡುತ್ತೇನೆ. ನಡುವಿನ ಕಂತುಗಳಲ್ಲಿ ಕಂಪನಿ ಕಂಪನಿಗಳ ಕಿತ್ತಾಟ ಹೆಚ್ಚಾಗಿ ಮನೆಯವರು ಮರೆಯಾಗುತ್ತಾರೆ. ಕಂಪ್ಯೂಟರಿನೊಳಗಿನ ಹೊಡೆದಾಟ ವಿಡಿಯೊ ಗೇಮಿನಂತೆ ಎಳೆದಾಡುತ್ತದೆ. ಮುಂಬೈ ತುಂಬ ತೆ‌ಳುವಾಗಿದೆ. ಚಂದಾನ ಮನೆ, ಅವನ ಊಟ, ಅವನಿಗೆ ಫೋನ್ ಮಾಡುವ ಅವ್ವ, ಸಾಲದ ಕಂತು ಇವನ್ನೆಲ್ಲ ಇನ್ನಷ್ಟು ತೋರಿಸಿದ್ದರೆ ಅವನು ಸಿಟ್ಟಿಗೆದ್ದಾಗ ನಮಗೆ ಇನ್ನೂ ಅರ್ಥವಾಗುತ್ತಿತ್ತು. ಇಂಗ್ಲಿಷ್ ವೇಗವಾಗಿದೆ, ಸಬ್‌ಟೈಟಲ್ ಹಾಕಿಕೊಳ್ಳಿ. ಕೋಚಿಂಗ್ ಕ್ಲಾಸಿನ ಇಂಗ್ಲಿಷ್ ಕಾಂಪ್ರಹೆನ್ಷನ್ನಿಗಿಂತ ಇದರಿಂದಲೇ ನಾನು ಹೆಚ್ಚು ಶಬ್ದ ಕಲಿತೆ. ಕೊನೆಯ ಎರಡು ಕಂತಿನಲ್ಲಿ ಏನಾಗುತ್ತದೆ ಎಂದು ಹೇಳುವುದಿಲ್ಲ. ಚಂದಾ ಯಾರ ಮೇಲೆ ತಿರುಗಿ ಬೀಳುತ್ತಾನೆ ಎಂಬುದನ್ನು ನೀವೇ ನೋಡಬೇಕು.

ಸರಣಿಗೆ ಆದ ಗತಿಯೂ ಒಂದು ಕಥೆ. ಎರಡನೇ ಸೀಸನ್ ತಯಾರಾಗಿದ್ದರೂ 2023ರ ಜನವರಿಯಲ್ಲಿ ಎಎಂಸಿ ಖರ್ಚು ಕಡಿತದ ಹೆಸರಿನಲ್ಲಿ ಇದನ್ನು ಕೈಬಿಟ್ಟಿತು. ಮೊದಲ ಸೀಸನನ್ನೂ ತನ್ನ ವೇದಿಕೆಯಿಂದ ತೆಗೆದುಹಾಕಿತು. ನೂರಾರು ಜನ ಬರೆದು, ಚಿತ್ರಿಸಿ, ದನಿ ಕೊಟ್ಟದ್ದು ದರ ಬರುವವರೆಗೆ ಕೋಲ್ಡ್ ಸ್ಟೋರೇಜಿನಲ್ಲಿ ಕೂತ ಚೀಲದಂತೆ ಕೂತಿತು. ಆಮೇಲೆ ಬೇರೆ ಓಟಿಟಿಗಳು ಕೊಂಡುಕೊಂಡವು, ಜನ ಒಬ್ಬರಿಂದೊಬ್ಬರಿಗೆ ಹೇಳಿ ನೋಡಿದರು. ತಮ್ಮನಿಗೆ ಹೇಳಿದವನು ಅವನ ಸೀನಿಯರ್. ಅವನಿಗೆ ಹೇಳಿದವನು ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೆಲಸ ಸಿಕ್ಕು, ಆಫರ್ ಲೆಟರಿಗೆ ಇನ್ನೂ ಕಾಯುತ್ತಿರುವವನು.

ಎರಡನೇ ಸೀಸನ್ ನಾನು ನೋಡಿಲ್ಲ. ಪರೀಕ್ಷೆ ಮುಗಿಯಲಿ ಎಂದು ಇಟ್ಟುಕೊಂಡಿದ್ದೆ.

ಮೊನ್ನೆ ಗುರುವಾರ ರಾತ್ರಿ ಅವ್ವನ ಜೊತೆ ನಾನೂ ತುಂಬು ಬಿಡಿಸಲು ಕೂತಿದ್ದೆ. ಫೋನಿನಲ್ಲಿ ಏನೋ ಹುಡುಕುವಾಗ ಅಪ್ಪನ ಹಳೆಯ ವಾಯ್ಸ್ ಮೆಸೇಜಿಗೆ ಬೆರಳು ತಾಗಿತು. ಅಸಲಿಯದು, ಹನ್ನೊಂದು ಸೆಕೆಂಡಿನದು. ಹಿಂದೆ ಮಾರ್ಕೆಟ್ಟಿನ ಗದ್ದಲ, ಯಾರೋ ತೂಕ ಕೂಗುತ್ತಿದ್ದಾರೆ. 'ಏ ತಂಗೀ, ಬರೂ ಮುಂದ ಬಸ್‌ಸ್ಟ್ಯಾಂಡ್ ಕಡೆಯಿಂದ ಬಾಳಿಹಣ್ಣು ತಗೊಂಡ ಬಾ. ಇಕಿ ಒಪ್ಪತ್ತು ಅದಾಳ. ಚೀಲ ಮರೀಬ್ಯಾಡ' ಎಂದು ಕೆಮ್ಮಿ ಮುಗಿಯಿತು.

ಅವ್ವ ಕಾಯಿಯಿಂದ ಕಣ್ಣು ತೆಗೆಯದೆ ಕೇಳಿದಳು. 'ಇನ್ನೊಮ್ಮೆ ಹಚ್ಚು' ಎಂದಳು. ಹಚ್ಚಿದೆ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಆ ಕಾರ್ಟೂನಿನ ಹುಡುಗಿ ಅವ್ವ ಕಡೀಕ ಏನ ಮಾಡಿದ್ಲು?' ಎಂದು ಕೇಳಿದಳು.

ನೋಡೋಣ ಬಾ ಎಂದು ಮೊದಲ ಕಂತಿನಿಂದ ಹಚ್ಚಿದೆ. ಒಂದೊಂದು ಮಾತಿಗೂ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕು. ಎರಡು ರಾತ್ರಿಗೆ ಒಂದು ಕಂತು ಆಗುತ್ತಿದೆ.